ಮೇಷ್ಟ್ರೇ, ಒಂದು ಪ್ರಶ್ನೆ: ಸೋಪು, ನೊರೆ ಮತ್ತು ಇಪ್ಪತ್ತು ಸಾವಿರ ವೋಲ್ಟು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೋಪಿನ ಸುತ್ತಲೇ ಇವೆ. ಹೋದ ಸಂಚಿಕೆಯಲ್ಲಿ ಬಟ್ಟೆ ಸೋಪಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದರ ಪ್ರಭಾವ ಇರಬೇಕು. ಓದದೇ ಇದ್ದವರಿಗೆ ಅದರ ಸಾರ ಇಷ್ಟು. ಸೋಪಿನ ಅಣುವಿಗೆ ಒಂದು ಕಡೆ ನೀರು ಬೇಕೆನ್ನುವ ತಲೆ, ಇನ್ನೊಂದು ಕಡೆ ನೀರು ಕಂಡರಾಗದ ಎಣ್ಣೆಬಾಲ. ನೀರಿನಲ್ಲಿ ಇಂಥ ಅಣುಗಳು ಒಂದು ಮಟ್ಟ ದಾಟಿದ ಮೇಲೆ ಬಾಲಗಳನ್ನು ಒಳಗೆ ಹಾಕಿ, ತಲೆಗಳನ್ನು ಹೊರಗೆ ಬಿಟ್ಟು ಗುಂಪು ಕಟ್ಟುತ್ತವೆ. ಆ ಗುಂಪಿಗೆ ಮೈಸೆಲ್ ಅಂತಾರೆ. ಗುಂಪು ಶುರುವಾಗುವ ಮಟ್ಟ ಕ್ರಿಟಿಕಲ್ ಮೈಸೆಲ್ ಕಾನ್ಸಂಟ್ರೇಷನ್, ಚುಟುಕಾಗಿ ಸಿಎಂಸಿ. ಸೋಪು, ಡಿಟರ್ಜೆಂಟು, ಶಾಂಪೂ ಒಳಗಿನ ಇಂಥ ಅಣುಗಳಿಗೆಲ್ಲ ಒಟ್ಟು ಹೆಸರು ಸರ್ಫ್ಯಾಕ್ಟಂಟ್.

ಕೋಲಾರದ ಹುಡುಗಿಯ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಕಾಲೇಜಿನಲ್ಲಿ ಇಷ್ಟು ವರ್ಷ ಭೌತ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಈ ತರಹದ ಪ್ರಶ್ನೆ ಬಂದರೆ ಪೆನ್ನು ನಿಲ್ಲೋದಿಲ್ಲ.

ಪ್ರಶ್ನೆ: ಸರ್, ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಪ್ರಾಜೆಕ್ಟು ಎಸ್‌ಡಿಎಸ್, ಅಂದರೆ ಸೋಡಿಯಂ ಡೋಡೆಸೈಲ್ ಸಲ್ಫೇಟ್ ಅನ್ನೋ ಸರ್ಫ್ಯಾಕ್ಟಂಟ್, ಹೇಗೆ ಮೈಸೆಲ್ ಕಟ್ಟುತ್ತದೆ ಅನ್ನೋದು. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕ್ಯಾಪಿಲರಿ ಎಲೆಕ್ಟ್ರೋಫೋರೆಸಿಸ್ ಯಂತ್ರ ಬಳಸಲು ಅವಕಾಶ ಸಿಕ್ಕಿತು. ಕೂದಲಿನಷ್ಟು ಸಣ್ಣ ಕೊಳವೆಗೆ (ಕ್ಯಾಪಿಲರಿ) ಹೈವೋಲ್ಟೇಜ್ ಕೊಟ್ಟು, ಅಣುಗಳನ್ನು ಓಡಿಸಿ ಬೇರ್ಪಡಿಸುವ ಯಂತ್ರ ಅದು. ಬೋರಾಕ್ಸ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ತುಂಬಿ, 20 ಮಿಲಿಮೋಲಾರ್ (ಲೀಟರಿನಲ್ಲಿ ಎಷ್ಟು ಅಣು ಅನ್ನೋ ಅಳತೆ) ಎಸ್‌ಡಿಎಸ್ ಇಂಜೆಕ್ಟ್ ಮಾಡಿದೆ. ಒಂಟಿ ಅಣುಗಳಿಗೆ ಗ್ರಾಫಿನಲ್ಲಿ ಒಂದು ಪೀಕ್, ಮೈಸೆಲ್‌ಗೆ ಒಂದು ಪೀಕ್ ಬರುತ್ತದೆ ಅಂದುಕೊಂಡಿದ್ದೆ. ಎರಡು ಇರಲಿ, ಒಂದೂ ಬರಲಿಲ್ಲ. ಯಂತ್ರ ಕೆಟ್ಟಿದೆಯಾ? — ಎಂಎಸ್ಸಿ ವಿದ್ಯಾರ್ಥಿನಿ, ಕೋಲಾರ

ಉತ್ತರ: ಯಂತ್ರ ಚೆನ್ನಾಗಿದೆಯಮ್ಮ. ಅದಕ್ಕೆ ಎಸ್‌ಡಿಎಸ್ ಕಾಣಿಸೋದಿಲ್ಲ, ಅಷ್ಟೇ. ಆ ಯಂತ್ರದ ಕಣ್ಣು ಅಲ್ಟ್ರಾವಯಲೆಟ್ ಬೆಳಕು. ಅದನ್ನು ಹೀರುವ ಅಣು ಹಾದುಹೋದರೆ ಮಾತ್ರ ಪೀಕ್ ಏಳುತ್ತದೆ. ಎಸ್‌ಡಿಎಸ್‌ನಲ್ಲಿ ಬೆಂಜೀನ್ ಉಂಗುರ ಇಲ್ಲ, ಡಬಲ್ ಬಾಂಡ್ ಇರುವ ಕಾರ್ಬನ್ ಇಲ್ಲ. ಹನ್ನೆರಡು ಕಾರ್ಬನ್ನಿನ ಸಾದಾ ಬಾಲ, ತುದಿಗೊಂದು ಸಲ್ಫೇಟು. 214 ನ್ಯಾನೋಮೀಟರಿನಲ್ಲಿ ನೋಡಿದರೆ ನೀರು ಹೋದಂತೆ ಹೋಗಿಬಿಡುತ್ತದೆ.

ಇದು ಸಣ್ಣ ವಿಷಯ. ಕಾಣುವಂಥ ಸರ್ಫ್ಯಾಕ್ಟಂಟ್ ತಗೊಂಡಿದ್ದರೂ ನಿನಗೆ ಎರಡು ಪೀಕ್ ಬರುತ್ತಿರಲಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಿನ್ನ ಪ್ರಾಜೆಕ್ಟಿನ ಜೀವ ಇಲ್ಲೇ ಇದೆ.

ಮೈಸೆಲ್ ಅಂದರೆ ಕಟ್ಟಿಟ್ಟ ಗಂಟು ಅಲ್ಲ. ಎಸ್‌ಡಿಎಸ್ ಮೈಸೆಲ್‌ನಲ್ಲಿ ಸುಮಾರು 60 ಅಣುಗಳಿರುತ್ತವೆ. ಆದರೆ ಇವತ್ತಿನ ಅರವತ್ತೇ ನಾಳೆಯೂ ಇರುತ್ತವೆ ಅಂತ ಇಲ್ಲ. ಒಂದೊಂದು ಅಣು ಹೊರಗೆ ಹೋಗಿ ಇನ್ನೊಂದು ಒಳಗೆ ಬರೋದು ಮೈಕ್ರೋಸೆಕೆಂಡಿನ ಲೆಕ್ಕ. ಕ್ಯಾಪಿಲರಿಯಲ್ಲಿ ನಿನ್ನ ಓಟ ನಿಮಿಷಗಳ ಲೆಕ್ಕ. ಅಷ್ಟು ಹೊತ್ತಿನಲ್ಲಿ ಪ್ರತಿ ಅಣುವೂ ಲೆಕ್ಕವಿಲ್ಲದಷ್ಟು ಸಲ ಒಳಗೆ ಹೊರಗೆ ಓಡಾಡಿರುತ್ತದೆ. ಆದ್ದರಿಂದ ಒಂಟಿ ಅಣುವಿನ ವೇಗ, ಮೈಸೆಲ್‌ನ ವೇಗ ಅಂತ ಬೇರೆ ಬೇರೆ ಸಿಗೋದಿಲ್ಲ. ಸಿಗೋದು ಎರಡರ ಸರಾಸರಿ.

ಇನ್ನೂ ಒಂದು ತೊಡಕಿದೆ. ನೀನು ಇಂಜೆಕ್ಟ್ ಮಾಡಿದ್ದು ಎಸ್‌ಡಿಎಸ್ ಇಲ್ಲದ ಬಫರಿನ ನಡುವೆ ಒಂದು ತುಣುಕು ದ್ರಾವಣ. ಅದು ಮುಂದೆ ಹೋದಂತೆ ಎರಡೂ ಅಂಚಿನಲ್ಲಿ ತೆಳುವಾಗುತ್ತದೆ. ತೆಳುವಾದ ಕಡೆ ಸಿಎಂಸಿಗಿಂತ ಕೆಳಗೆ ಇಳಿಯುತ್ತದೆ. ಇಳಿದ ಕಡೆ ಮೈಸೆಲ್ ಒಡೆದುಹೋಗುತ್ತದೆ. ಪ್ರೋಟೀನಿನ ಹಾಗೆ, ಡಿಎನ್‌ಎ ಹಾಗೆ ಮೈಸೆಲ್ಲನ್ನು ಬಿಡಿಸಿ ಎತ್ತಿಟ್ಟು ಓಡಿಸೋಕೆ ಆಗೋದಿಲ್ಲ. ಬೇರ್ಪಡಿಸಲು ಹೋದರೆ ಅದು ಇರೋದೇ ಇಲ್ಲ. ಬೇರ್ಪಡಿಸುವ ವಿಧಾನದಿಂದ ಬೇರ್ಪಡದ ವಸ್ತುವನ್ನು ಅಳೆಯೋದು ಹೇಗೆ ಅನ್ನೋದೇ ಇಲ್ಲಿನ ಮಜಾ.

ದಾರಿ ಹೀಗಿದೆ. ಎಸ್‌ಡಿಎಸ್ ಸ್ಯಾಂಪಲ್ ಆಗಬಾರದು. ಕ್ಯಾಪಿಲರಿಯ ಉದ್ದಕ್ಕೂ, ಎರಡೂ ತುದಿಯ ವಯಲ್‌ಗಳಲ್ಲೂ ಅದೇ ದ್ರಾವಣ ತುಂಬಬೇಕು. ಸ್ಯಾಂಪಲ್ ಬೇರೆ ಯಾರಾದರೂ ಆಗಬೇಕು, ವಿದ್ಯುದಂಶ ಇಲ್ಲದ, ಎಣ್ಣೆ ಇಷ್ಟಪಡುವ, ಅಲ್ಟ್ರಾವಯಲೆಟ್‌ನಲ್ಲಿ ಕಾಣುವ ಒಂದು ಅಣು. ನ್ಯಾಫ್ತಲೀನ್ ಸಾಕು, ಹಳೇ ಕಾಲದ ನುಸಿಗುಳಿಗೆ ಇದೆಯಲ್ಲ, ಅದೇ ವಸ್ತು. ಆದರೆ ಅಂಗಡಿಯ ಗುಳಿಗೆ ತರಬೇಡ. ಈಗ ಬರುವ ಗುಳಿಗೆಗಳಲ್ಲಿ ಎಷ್ಟೋ ನ್ಯಾಫ್ತಲೀನ್ ಅಲ್ಲ, ಪ್ಯಾರಾಡೈಕ್ಲೋರೋಬೆಂಜೀನ್. ಲ್ಯಾಬಿನ ಬಾಟಲಿಯದನ್ನೇ ಚೂರು ಮೆಥನಾಲಿನಲ್ಲಿ ಕರಗಿಸಿ ಬಫರಿನಲ್ಲಿ ತೆಳು ಮಾಡಿಕೋ. ಮೆಥನಾಲ್ ಕೂಡ ಉಪಯೋಗಕ್ಕೆ ಬರುತ್ತದೆ, ಅದು ಮೈಸೆಲ್ ಒಳಗೆ ಹೋಗೋದಿಲ್ಲ.

ಈಗ ಕೊಳವೆಯ ಒಳಗೆ ಏನಾಗುತ್ತದೆ ನೋಡು. ಸಿಲಿಕಾ ಗೋಡೆ ಪಿಎಚ್ 9ರಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಗೋಡೆಯ ಪಕ್ಕದ ನೀರಿನಲ್ಲಿ ಧನ ಅಯಾನುಗಳು ಜಾಸ್ತಿ. ವೋಲ್ಟೇಜ್ ಕೊಟ್ಟ ಕೂಡಲೇ ಅವು ಕ್ಯಾಥೋಡ್ ಕಡೆ ಹೊರಡುತ್ತವೆ, ಜೊತೆಗೆ ಕೊಳವೆಯ ಇಡೀ ನೀರನ್ನು ಎಳೆದುಕೊಂಡು ಹೋಗುತ್ತವೆ. ಇದು ಎಲೆಕ್ಟ್ರೋ-ಆಸ್ಮಾಟಿಕ್ ಹರಿವು. ಮೈಸೆಲ್ ಮೈಮೇಲೆ ಸಲ್ಫೇಟು ತಲೆಗಳು, ಅದಕ್ಕೆ ಆನೋಡ್ ಕಡೆ ಹೋಗಬೇಕು. ತುಂಬಿದ ಕಾಲುವೆಯಲ್ಲಿ ಎದುರು ಈಜುವವನ ಪಾಡು ಅದರದ್ದು. ಮುಖ ಮೇಲ್ಗಡೆ ಇದ್ದರೂ ಮೈ ಕೆಳಗಡೆಗೇ ಹೋಗುತ್ತದೆ, ನಿಧಾನವಾಗಿ. ಮೆಥನಾಲ್ ಸುಮ್ನೆ ಹರಿವಿನ ಜೊತೆ ಹೋಗುತ್ತದೆ. 60 ಸೆಂಟಿಮೀಟರ್ ಕೊಳವೆ, 20 ಕಿಲೋವೋಲ್ಟ್ ಇದ್ದರೆ ಮೆಥನಾಲ್ ನಾಲ್ಕೈದು ನಿಮಿಷಕ್ಕೆ ಡಿಟೆಕ್ಟರ್ ಮುಟ್ಟುತ್ತದೆ. ಪೂರ್ತಿ ಮೈಸೆಲ್ ಒಳಗೇ ಕೂತ ಬಣ್ಣಕ್ಕೆ ಅದರ ಮೂರು ನಾಲ್ಕು ಪಟ್ಟು ಸಮಯ ಬೇಕಾಗುತ್ತದೆ. ಸೂಡಾನ್ III ಅಂಥ ಬಣ್ಣ.

ನ್ಯಾಫ್ತಲೀನ್ ಇವೆರಡರ ನಡುವೆ. ಎಸ್‌ಡಿಎಸ್ ಸಿಎಂಸಿಗಿಂತ ಕಡಿಮೆ ಇದ್ದಾಗ ಮೈಸೆಲ್ ಇಲ್ಲ, ಒಳಗೆ ಹೋಗಲು ಮನೆಯೇ ಇಲ್ಲ. ನ್ಯಾಫ್ತಲೀನ್ ಮೆಥನಾಲ್ ಜೊತೆಗೇ ಬರುತ್ತದೆ. ಸಿಎಂಸಿ ದಾಟಿದ ಕೂಡಲೇ ಅದರ ಪೀಕ್ ಹಿಂದೆ ಬೀಳಲು ಶುರು ಮಾಡುತ್ತದೆ. ಎಸ್‌ಡಿಎಸ್ ಹೆಚ್ಚಿಸಿದಷ್ಟೂ ಹಿಂದೆ. ಈ ತಡವನ್ನು ರಿಟೆನ್ಷನ್ ಫ್ಯಾಕ್ಟರ್ (ಮೈಸೆಲ್ ಎಷ್ಟು ಹಿಡಿದಿಟ್ಟಿತು ಅನ್ನೋ ಅಂಕಿ) ಲೆಕ್ಕಕ್ಕೆ ತಂದು, ಕೆಳಗೆ ಎಸ್‌ಡಿಎಸ್ ಪ್ರಮಾಣ ಇಟ್ಟು ಗ್ರಾಫ್ ಎಳೆದರೆ ನೇರ ಗೆರೆ ಬರುತ್ತದೆ. ಆ ಗೆರೆಯನ್ನು ಕೆಳಕ್ಕೆ ಚಾಚು. ಸೊನ್ನೆ ಮುಟ್ಟುವ ಜಾಗವೇ ನಿನ್ನ ಸಿಎಂಸಿ. ಸೂಡಾನ್ III ಅನ್ನು ಕೊನೆಯ ಗುರುತಿಗೆ ಮಾತ್ರ ಬಳಸು, ಅದು ಮೈಸೆಲ್ ಇಲ್ಲದ ನೀರಿನಲ್ಲಿ ಕರಗೋದೇ ಇಲ್ಲ. ನ್ಯಾಫ್ತಲೀನ್ ಜಾಸ್ತಿ ಹಾಕಬೇಡ. ಒಳಗೆ ಹೊಕ್ಕ ಅತಿಥಿ ಜಾಸ್ತಿಯಾದರೆ ಮೈಸೆಲ್ ಕಟ್ಟುವ ಮಟ್ಟವನ್ನೇ ಬದಲಿಸಿಬಿಡುತ್ತಾನೆ.

ಮೈಸೆಲ್ ತುಂಬಿದ ಕ್ಯಾಪಿಲರಿ ಅನ್ನೋ ಐಡಿಯಾ ಜಪಾನಿನ ಶಿಗೆರು ತೆರಾಬೆ ಅವರದು. 1984ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದರು. ಅದಕ್ಕೆ ಮೂರು ವರ್ಷ ಹಿಂದೆ, 1981ರಲ್ಲಿ, ಅಮೆರಿಕದ ಜಾರ್ಗೆನ್ಸನ್ ಮತ್ತು ಲೂಕಾಕ್ಸ್ 75 ಮೈಕ್ರಾನಿನ ಗಾಜಿನ ಕೊಳವೆಯಲ್ಲಿ ಹೈವೋಲ್ಟೇಜ್ ಕೊಟ್ಟು ಚೂಪು ಪೀಕ್‌ಗಳನ್ನು ತೋರಿಸಿದ್ದರು. ವಿದ್ಯುದಂಶ ಇಲ್ಲದ ಅಣುಗಳನ್ನೂ ಬೇರೆ ಮಾಡಬೇಕು ಅನ್ನೋದು ತೆರಾಬೆಯವರ ಗುರಿ. ಮೈಸೆಲ್ ಅವರಿಗೆ ಸಾಧನ. ಆಮೇಲೆ ಬಂದವರು ಅದೇ ಪ್ರಯೋಗವನ್ನು ತಿರುಗಿಸಿ ಹಿಡಿದು, ಗೊತ್ತಿರುವ ಅಣುವಿನಿಂದ ಮೈಸೆಲ್ಲನ್ನೇ ಅಳೆಯಲು ಹೊರಟರು. ನೀನೂ ಆ ಸಾಲಿನವಳೇ.

ಮತ್ತೆ ಬೆಂಗಳೂರಿಗೆ ಹೋಗುವ ಮುಂಚೆ ಕೆಲವು ಮಾತು. ಬಫರಿಗೆ ಪೊಟಾಸಿಯಂ ಫಾಸ್ಫೇಟ್ ಅಪ್ಪಿತಪ್ಪಿಯೂ ಹಾಕಬೇಡ, ಸೋಡಿಯಂದೇ ಇರಲಿ. ಪೊಟಾಸಿಯಂ ಡೋಡೆಸೈಲ್ ಸಲ್ಫೇಟ್ ನೀರಿನಲ್ಲಿ ಸರಿಯಾಗಿ ಕರಗೋದಿಲ್ಲ, ಬಿಳಿಯಾಗಿ ಕೂತುಬಿಡುತ್ತದೆ. 50 ಮೈಕ್ರಾನ್ ಕೊಳವೆಯಲ್ಲಿ ಅದು ಕೂತರೆ ಅವತ್ತಿನ ಕೆಲಸ ಮುಗಿಯಿತು. ಎರಡೂ ವಯಲ್‌ನ ದ್ರಾವಣ ಒಂದೇ ಎತ್ತರಕ್ಕಿರಲಿ, ಇಲ್ಲವಾದರೆ ಸೈಫನ್ ಆಗಿ ಹರಿಯುತ್ತದೆ. ಕೆಲವು ಓಟಕ್ಕೊಮ್ಮೆ ವಯಲ್ ಬದಲಿಸು, ಎಲೆಕ್ಟ್ರೋಡಿನ ಹತ್ತಿರ ನೀರು ಒಡೆದು ಪಿಎಚ್ ಅಲ್ಲಾಡುತ್ತದೆ. ಎಲ್ಲಕ್ಕಿಂತ ಮೊದಲು ಓಮ್ಸ್ ಲಾ ಪರೀಕ್ಷೆ ಮಾಡು. ಐದು, ಹತ್ತು, ಹದಿನೈದು ಹೀಗೆ ಕಿಲೋವೋಲ್ಟ್ ಏರಿಸುತ್ತ ಕರೆಂಟ್ ಬರೆದುಕೋ. ಗೆರೆ ನೇರ ಇರುವವರೆಗೂ ಸರಿ. ಮೇಲಕ್ಕೆ ಬಾಗಿದರೆ ಕೊಳವೆ ಒಳಗೆ ಬಿಸಿಯಾಗುತ್ತಿದೆ ಅಂತ ಅರ್ಥ. ಬಿಸಿ ಒಂದು ಡಿಗ್ರಿ ಏರಿದರೆ ಮೊಬಿಲಿಟಿ (ಅಣು ಓಡುವ ಚುರುಕು) ಸುಮಾರು ಶೇಕಡಾ 2 ಏರುತ್ತದೆ. ಎಸ್‌ಡಿಎಸ್‌ನ ಸಿಎಂಸಿ ಮಾತ್ರ 25 ಡಿಗ್ರಿಯ ಆಸುಪಾಸಿನಲ್ಲಿ ಅಷ್ಟಾಗಿ ಅಲ್ಲಾಡೋದಿಲ್ಲ, ಅದೊಂದು ಪುಣ್ಯ.

ಈ ಕೊಳವೆಗೆ ಎಷ್ಟು ದ್ರಾವಣ ಹಿಡಿಯುತ್ತದೆ ಅಂತ ಲೆಕ್ಕ ಹಾಕಿದ್ದೀಯಾ? 50 ಮೈಕ್ರಾನ್ ಒಳವ್ಯಾಸ, 60 ಸೆಂಟಿಮೀಟರ್ ಉದ್ದ ಅಂದರೆ ಸುಮಾರು 1.2 ಮೈಕ್ರೋಲೀಟರ್. ಒಂದು ಹನಿಯಲ್ಲಿ ಇಂಥ ನಲವತ್ತು ತುಂಬಬಹುದು. ದುಬಾರಿ ಸರ್ಫ್ಯಾಕ್ಟಂಟ್ ಇದ್ದವರಿಗೆ ಇದು ವರ. ಎಸ್‌ಡಿಎಸ್ ಅಂಥ ದುಬಾರಿ ಏನಲ್ಲ ಬಿಡು.

ಪ್ರಶ್ನೆ: ಇನ್ನೊಂದು ಡೌಟು ಸರ್. ಕಾಲೇಜಿನಲ್ಲಿ ಕಂಡಕ್ಟಿವಿಟಿ ಮೀಟರಿನಲ್ಲಿ, ಅಂದರೆ ದ್ರಾವಣದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು, ಸಿಎಂಸಿ ನೋಡಿದಾಗ ನನಗೆ 8.1 ಮಿಲಿಮೋಲಾರ್ ಬಂತು. ಪುಸ್ತಕದಲ್ಲೂ 8 ಅಂತಲೇ ಇದೆ. ನನ್ನ ಸೀನಿಯರ್ ಒಬ್ಬರು 10 ಮಿಲಿಮೋಲಾರ್ ಬೋರಾಕ್ಸ್‌ನಲ್ಲಿ, ಕ್ಯಾಪಿಲರಿ ವಿಧಾನದಲ್ಲಿ ಮಾಡಿ 4 ಅಂತ ಬರೆದಿದ್ದಾರೆ. ಯಾರದು ಸರಿ? ವೈವಾದಲ್ಲಿ ಕೇಳಿದರೆ ಏನು ಹೇಳಲಿ? — ಅದೇ ವಿದ್ಯಾರ್ಥಿನಿ

ಉತ್ತರ: ಇಬ್ಬರದೂ ಸರಿ. ಎಂಟು ಸಾದಾ ನೀರಿನದು. ನಾಲ್ಕು ಆ ಬಫರಿನದು.

ಎಸ್‌ಡಿಎಸ್ ತಲೆಗಳೆಲ್ಲ ಋಣ ವಿದ್ಯುದಂಶದವು. ಅರವತ್ತು ಋಣ ತಲೆಗಳು ಮೈಗೆ ಮೈ ತಾಗಿಸಿ ಕೂರಬೇಕೆಂದರೆ ಒಂದನ್ನೊಂದು ತಳ್ಳುತ್ತವೆ. ನಡುವೆ ಸೋಡಿಯಂ ಅಯಾನು ಬಂದು ನಿಂತರೆ ಈ ತಳ್ಳಾಟ ಕಮ್ಮಿ. ಉಪ್ಪು ಜಾಸ್ತಿ ಇದ್ದಷ್ಟೂ ಮೈಸೆಲ್ ಬೇಗ ಕಟ್ಟುತ್ತದೆ. ಬೋರಾಕ್ಸ್ ಅಣುವಿನಲ್ಲಿ ಎರಡು ಸೋಡಿಯಂ, ಅಂದರೆ 10 ಮಿಲಿಮೋಲಾರ್ ಬೋರಾಕ್ಸ್ ಹಾಕಿದವರು 20 ಮಿಲಿಮೋಲಾರ್ ಸೋಡಿಯಂ ಹಾಕಿದಂತಾಯಿತು. ಅಷ್ಟು ಸೋಡಿಯಂ ಇದ್ದಾಗ ಸಿಎಂಸಿ ನಾಲ್ಕರ ಹತ್ತಿರ ಬರೋದು ನ್ಯಾಯವೇ. 100 ಮಿಲಿಮೋಲಾರ್ ಅಡುಗೆ ಉಪ್ಪಿನಲ್ಲಿ ಅದು ಒಂದೂವರೆಗೆ ಇಳಿಯುತ್ತದೆ, ಮೈಸೆಲ್ ಗಾತ್ರವೂ ಅರವತ್ತರಿಂದ ತೊಂಬತ್ತರ ಕಡೆಗೆ ಹೋಗುತ್ತದೆ. ವೈವಾದಲ್ಲಿ ಯಾರಾದರೂ «ಎಸ್‌ಡಿಎಸ್ ಸಿಎಂಸಿ ಎಷ್ಟು?» ಅಂದರೆ «ಯಾವ ನೀರಿನಲ್ಲಿ ಸರ್?» ಅಂತ ಕೇಳು. ಒಳ್ಳೇ ಎಕ್ಸಾಮಿನರ್ ಆದರೆ ಖುಷಿಪಡುತ್ತಾರೆ.

ಹಾಗಾದರೆ ಕಂಡಕ್ಟಿವಿಟಿ ಇದ್ದಾಗ ಕ್ಯಾಪಿಲರಿ ಯಾಕೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸಾದಾ ನೀರಿನಲ್ಲಾದರೆ ಬೇಡವೇ ಬೇಡ. ನಿನ್ನ ಮೀಟರೇ ಸಾಕು, ಇದು ನನ್ನ ಖಡಕ್ ಅಭಿಪ್ರಾಯ. ಒಂಟಿ ಅಣುವಾಗಿದ್ದಾಗ ಪ್ರತಿ ಎಸ್‌ಡಿಎಸ್ ಒಂದು ಸೋಡಿಯಂ ಬಿಡುತ್ತದೆ, ಎರಡೂ ಕರೆಂಟ್ ಹೊರುತ್ತವೆ. ಮೈಸೆಲ್ ಕಟ್ಟಿದ ಮೇಲೆ ಸುಮಾರು ಮುಕ್ಕಾಲು ಪಾಲು ಸೋಡಿಯಂ ಅದರ ಮೈಗೆ ಅಂಟಿಕೊಂಡುಬಿಡುತ್ತದೆ. ಅಲ್ಲಿಂದ ಗೆರೆಯ ಏರು ಕಡಿಮೆ. ಆ ತಿರುವೇ ಸಿಎಂಸಿ. ಬಫರ್ ಹಾಕಿದರೆ ಕಥೆ ಬೇರೆ. ಬಫರಿನ ಕರೆಂಟೇ ಅಷ್ಟಿರುವಾಗ ಎಸ್‌ಡಿಎಸ್ ತಂದ ತಿರುವು ಅದರೊಳಗೆ ಮುಳುಗಿಹೋಗುತ್ತದೆ. ನ್ಯಾಫ್ತಲೀನಿಗೆ ಆ ತೊಂದರೆ ಇಲ್ಲ. ಅದಕ್ಕೆ ಬೇಕಿರೋದು ಮೈಸೆಲ್ ಇದೆಯೋ ಇಲ್ಲವೋ ಅಷ್ಟೇ. ಬಫರಿನಲ್ಲಿ, ಉಪ್ಪಿನಲ್ಲಿ, ಸ್ವಲ್ಪ ಮೆಥನಾಲ್ ಬೆರೆತ ನೀರಿನಲ್ಲಿ ಸಿಎಂಸಿ ಬೇಕಾದಾಗಲೇ ಕ್ಯಾಪಿಲರಿಗೆ ಬೆಲೆ. ಕೆಲವರು ಕ್ಯಾಪಿಲರಿ ಯಂತ್ರ ತೋರಿಸುವ ಕರೆಂಟನ್ನೇ ಬರೆದುಕೊಂಡು, ಅದರ ತಿರುವಿನಿಂದ ಸಿಎಂಸಿ ಹೇಳುತ್ತಾರೆ. ತಪ್ಪಲ್ಲ. ಆದರೆ ಅದು ದುಬಾರಿ ಕಂಡಕ್ಟಿವಿಟಿ ಮೀಟರ್ ಆದಂತಾಯಿತು, ಅಲ್ವಾ?

ಮೈಸೆಲ್ ಅನ್ನೋದು ಇದೆ ಅಂತ ಮೊದಲು ಹೇಳಿಸಿದ್ದೂ ಕರೆಂಟೇ. ಮ್ಯಾಕ್‌ಬೇನ್ ಅನ್ನೋ ವಿಜ್ಞಾನಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೋಪಿನ ದ್ರಾವಣ ಅಳೆಯುತ್ತಿದ್ದರು. ಆವಿಯ ಒತ್ತಡದಂಥ ಅಳತೆಗಳು ನೀರಿನಲ್ಲಿ ಕಣಗಳು ಕಡಿಮೆ ಇವೆ ಅಂದವು. ಕರೆಂಟ್ ನೋಡಿದರೆ ಚೆನ್ನಾಗಿಯೇ ಹರಿಯುತ್ತಿತ್ತು. ಕಣ ಕಡಿಮೆ, ಕರೆಂಟ್ ಜಾಸ್ತಿ. ಹಾಗಾದರೆ ಅಯಾನುಗಳೇ ಗುಂಪು ಕಟ್ಟಿಕೊಂಡು ಓಡುತ್ತಿರಬೇಕು ಅಂತ 1913ರಲ್ಲೇ ಹೇಳಿದರು. ಆಗ ಬಹಳ ಜನ ನಂಬಲಿಲ್ಲ. ಇವರೇ ಮುಂದೆ ನಮ್ಮ ದೇಶಕ್ಕೆ ಬಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಸಾಲು ಜಾಗ ಇದ್ದಿದ್ದರೆ ಚೆನ್ನಾಗಿತ್ತು.

ನಿನ್ನ ಎಸ್‌ಡಿಎಸ್ ಹಳೇ ಡಬ್ಬಿಯದಾ? ನೀರಿನಲ್ಲಿ ಕಲಸಿ ತಿಂಗಳುಗಟ್ಟಲೆ ಇಟ್ಟರೆ ನಿಧಾನವಾಗಿ ಒಡೆದು ಡೋಡೆಕನಾಲ್ ಅನ್ನೋ ಆಲ್ಕೋಹಾಲ್ ಬಿಡುತ್ತದೆ. ಸರ್ಫೇಸ್ ಟೆನ್ಷನ್ ಅಳೆದರೆ ಸಿಎಂಸಿಯ ಹತ್ತಿರ ಗೆರೆ ಹಳ್ಳ ಬಿದ್ದು ಮೇಲೇಳುತ್ತದೆ. ಅದು ಡೋಡೆಕನಾಲಿನ ಗುರುತು. ಎಥನಾಲಿನಲ್ಲಿ ಮತ್ತೆ ಹರಳುಗಟ್ಟಿಸಿ ಒಣಗಿಸಿಕೋ, ದ್ರಾವಣ ಹೊಸದಾಗಿ ಮಾಡಿಕೋ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಮೈಸೆಲ್ ತೋರಿಸಬೇಕು ಅಂತ ಆಸೆ. ನಮ್ಮ ಶಾಲೆಯಲ್ಲಿ ಕಂಡಕ್ಟಿವಿಟಿ ಮೀಟರ್ ಇಲ್ಲ. ಊರಿನ ಶುದ್ಧ ನೀರಿನ ಘಟಕದ ನೀರಲ್ಲಿ ಏನಾದರೂ ಮಾಡಬಹುದಾ? ಇಲ್ಲಿನ ಬೋರ್ ನೀರಿನಲ್ಲಿ ಸೋಪು ನೊರೆಯೇ ಬರೋದಿಲ್ಲ, ಫ್ಲೋರೈಡ್ ಜಾಸ್ತಿ. — ವಿಜ್ಞಾನ ಶಿಕ್ಷಕರು, ಪಾವಗಡ

ಉತ್ತರ: ಮೇಷ್ಟ್ರೇ, ನೊರೆ ವಿಷಯದಲ್ಲಿ ಫ್ಲೋರೈಡ್ ನಿರಪರಾಧಿ. ಅದು ಹಲ್ಲು, ಮೂಳೆಗೆ ಮಾಡುವ ಅನ್ಯಾಯ ಬೇರೆ. ಸೋಪನ್ನು ಕೆಡಿಸೋದು ಅದೇ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಬೂದು ಗಸಿಯಾಗಿ ಅಂಟುತ್ತವೆ. ಎಸ್‌ಡಿಎಸ್‌ ಸೋಪಿಗಿಂತ ಗಟ್ಟಿ, ಆದರೂ ಗಡಸು ನೀರು ಪ್ರಯೋಗಕ್ಕೆ ಬೇಡ.

ಘಟಕದ ನೀರೂ ಬೇಡ. ಆರ್‌ಒ ಆದರೂ ಕುಡಿಯುವ ನೀರು ಅದು, ಅದರಲ್ಲಿ ಉಪ್ಪು ಉಳಿದೇ ಇರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ವಾಟರ್ ಫಿಲ್ಟರ್ ರಿಪೇರಿಯವರ ಜೇಬಿನಲ್ಲಿ ಇರುವ ಟಿಡಿಎಸ್ ಪೆನ್ ನೋಡಿದ್ದೀರಲ್ಲ, ಅದು ಅಳೆಯೋದೂ ಕಂಡಕ್ಟಿವಿಟಿಯನ್ನೇ. ಅದನ್ನು ಸುಮಾರು ಅರ್ಧ ಮಾಡಿ ಪಿಪಿಎಂ ಅಂತ ತೋರಿಸುತ್ತದೆ. ನಮಗೆ ತಿರುವು ಬೇಕಷ್ಟೇ, ಇದು ಸಾಕು.

2.88 ಗ್ರಾಂ ಎಸ್‌ಡಿಎಸ್ ತೂಗಿ 100 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಬೇರೆ ಬೀಕರಿನಲ್ಲಿ 200 ಮಿಲಿ ನೀರು ಇಟ್ಟು, ಈ ದ್ರಾವಣವನ್ನು ಸಿರಿಂಜಿನಲ್ಲಿ 2 ಮಿಲಿ, 2 ಮಿಲಿ ಹಾಕುತ್ತ ಹೋಗಿ. ಪ್ರತಿ ಸಲ ಹತ್ತಿರ ಹತ್ತಿರ ಒಂದು ಮಿಲಿಮೋಲಾರ್ ಏರುತ್ತದೆ. ಒಟ್ಟು ಗಾತ್ರವೂ ಬೆಳೆಯುತ್ತದಲ್ಲ, ಅದನ್ನು ಭಾಗಿಸಿಕೊಂಡು ಸರಿಯಾದ ಪ್ರಮಾಣ ಬರೆಯಲು ಮಕ್ಕಳಿಗೆ ಹೇಳಿ. ಗಾಜಿನ ಕಡ್ಡಿಯಿಂದ ಮೆಲ್ಲಗೆ ತಿರುವಿ, ನೊರೆ ಎಬ್ಬಿಸಬೇಡಿ. ಪೆನ್ನಿನ ಎರಡು ಲೋಹದ ಕಡ್ಡಿಗಳ ನಡುವೆ ಗುಳ್ಳೆ ಕೂತರೆ ಅಂಕಿ ಕುಸಿಯುತ್ತದೆ, ಆಗ ಬೀಕರಿನ ಗೋಡೆಗೆ ಒಮ್ಮೆ ತಟ್ಟಿ ಮತ್ತೆ ಓದಿ. ಏಳು, ಎಂಟರವರೆಗೆ ಅಂಕಿ ಒಂದೇ ಸಮ ಏರುತ್ತದೆ. ಎಂಟರ ಹತ್ತಿರ 250ರ ಆಸುಪಾಸು ಇರಬಹುದು. ಅಲ್ಲಿಂದ ಮುಂದೆ ಅದೇ 2 ಮಿಲಿಗೆ ಅರ್ಧಕ್ಕಿಂತ ಕಡಿಮೆ ಏರುತ್ತದೆ. ಗ್ರಾಫ್ ಶೀಟಿನಲ್ಲಿ ಎರಡು ಗೆರೆ ಎಳೆಸಿ, ಕೂಡುವ ಜಾಗ ನೋಡಿಸಿ. ಪೌಡರ್ ತೂಗುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಎಸ್‌ಡಿಎಸ್ ಧೂಳಿಗೆ ಕೆಮ್ಮು, ಸೀನು ತಪ್ಪಿದ್ದಲ್ಲ.

ಪ್ರಶ್ನೆ: ಪ್ರೋಟೀನುಗಳನ್ನು ಬೇರ್ಪಡಿಸಲು ಜೆಲ್ ಒಳಗೆ ಕರೆಂಟ್ ಕೊಟ್ಟು ಓಡಿಸುವಾಗ ನಾವೂ ಎಸ್‌ಡಿಎಸ್ ಹಾಕುತ್ತೇವೆ. ಅಲ್ಲಿ ಪ್ರೋಟೀನ್ ಮೈಸೆಲ್ ಒಳಗೆ ಕೂತು ಓಡುತ್ತದಾ? ಇನ್ನೊಂದು, ಡಿಸೆಂಬರಿನಲ್ಲಿ ನಮ್ಮ ಶೇಕಡಾ 10ರ ಎಸ್‌ಡಿಎಸ್ ಬಾಟಲಿ ಬೆಳಗ್ಗೆ ಬೆಳ್ಳಗಾಗಿರುತ್ತದೆ. ಚೆಲ್ಲಬೇಕಾ? — ಬಯೋಟೆಕ್ನಾಲಜಿ ವಿದ್ಯಾರ್ಥಿ, ತಿಪಟೂರು

ಉತ್ತರ: ಇಲ್ಲಪ್ಪ, ಅಲ್ಲಿ ಪ್ರೋಟೀನಿಗೆ ಅಂಟೋದು ಒಂಟಿ ಅಣುಗಳು. ಬಿಚ್ಚಿಕೊಂಡ ಪ್ರೋಟೀನ್ ಸರದ ಉದ್ದಕ್ಕೂ, ಒಂದು ಗ್ರಾಂ ಪ್ರೋಟೀನಿಗೆ ಸುಮಾರು 1.4 ಗ್ರಾಂ ಎಸ್‌ಡಿಎಸ್ ಕೂರುತ್ತದೆ. ಎಲ್ಲ ಪ್ರೋಟೀನಿಗೂ ತೂಕಕ್ಕೆ ತಕ್ಕಷ್ಟು ಋಣ ವಿದ್ಯುದಂಶ ಬರೋದು ಹೀಗೆ, ಜೆಲ್ ಗಾತ್ರ ನೋಡಿ ಬೇರೆ ಮಾಡೋದೂ ಹೀಗೆ. ಮೈಸೆಲ್ ಅಲ್ಲಿ ಒಂಟಿ ಅಣುಗಳನ್ನು ಒದಗಿಸುವ ಉಗ್ರಾಣ, ಅಷ್ಟೇ.

ಬಾಟಲಿ ಚೆಲ್ಲಬೇಡ. ಎಸ್‌ಡಿಎಸ್ ತಣ್ಣಗಾದರೆ ಹರಳುಗಟ್ಟುತ್ತದೆ. ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸಿ, ಪೂರ್ತಿ ತಿಳಿಯಾದ ಮೇಲೆ ಬಳಸು. ತಳದಲ್ಲಿ ಹರಳು ಇರುವಾಗ ಮೇಲಿನ ತಿಳಿ ಮಾತ್ರ ತೆಗೆದರೆ ನಿನ್ನ ಶೇಕಡಾ 10 ಶೇಕಡಾ 10 ಆಗಿರೋದಿಲ್ಲ. ಬೆಚ್ಚಗೆ ಮಾಡಿದರೂ ಬಿಳಿ ಹೋಗಲು ತಕರಾರು ಮಾಡಿದರೆ ಪೊಟಾಸಿಯಂ ಬೆರೆತಿದೆಯಾ ನೋಡು. ಪೊಟಾಸಿಯಂ ಕ್ಲೋರೈಡಿನಲ್ಲಿಟ್ಟ ಪಿಎಚ್ ಎಲೆಕ್ಟ್ರೋಡನ್ನು ತೊಳೆಯದೆ ಅದ್ದಿದರೂ ಸಾಕು, ಬಿಳಿ ಮಬ್ಬು ಏಳುತ್ತದೆ.

ಪ್ರಶ್ನೆ: ಹಾಲಿನಲ್ಲೂ ಮೈಸೆಲ್ ಇದೆ ಅಂತ ಟ್ರೇನಿಂಗಿನಲ್ಲಿ ಹೇಳಿದರು. ಹಾಗಾದರೆ ಹಾಲಿಗೂ ಸೋಪಿಗೂ ನಂಟಾ? — ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಚಿಂತಾಮಣಿ

ಉತ್ತರ: ಹೆಸರು ಒಂದೇ, ಮನೆತನ ಬೇರೆ ಸ್ವಾಮಿ. ಹಾಲಿನದು ಕೇಸೀನ್ ಪ್ರೋಟೀನಿನ ಉಂಡೆ, ನಡುನಡುವೆ ಕ್ಯಾಲ್ಸಿಯಂ ಫಾಸ್ಫೇಟ್ ಹಿಡಿದಿಟ್ಟಿರುತ್ತದೆ. ಎಸ್‌ಡಿಎಸ್ ಮೈಸೆಲ್ ಅಡ್ಡಕ್ಕೆ 4 ನ್ಯಾನೋಮೀಟರ್ ಇದ್ದರೆ ಇದು ನೂರೈವತ್ತರ ಹತ್ತಿರ. ಹಾಲಿಗೆ ನೀರು ಬೆರೆಸಿದರೂ ಬಿಳಿ ಹೋಗೋದಿಲ್ಲ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಸೋಪಿನ ಮೈಸೆಲ್ ನೀರು ಹೆಚ್ಚಾದರೆ ಕರಗಿ ಮಾಯ. ಕೇಸೀನನ್ನು ಆಲ್ಫಾ, ಬೀಟಾ, ಗಾಮಾ ಅಂತ ವಿಂಗಡಿಸಿದ್ದು ಮಾತ್ರ ಎಲೆಕ್ಟ್ರೋಫೋರೆಸಿಸ್‌ನಿಂದಲೇ, 1939ರಲ್ಲಿ ಸ್ವೀಡನ್ನಿನ ಮೆಲಾಂಡರ್. ಓಟದಲ್ಲಿ ಯಾರು ಮುಂದೆ ಅನ್ನೋ ಕ್ರಮದಲ್ಲಿ ಅಕ್ಷರ ಕೊಟ್ಟರು.

ಹಾಲಿಗೆ ಡಿಟರ್ಜೆಂಟ್ ಬೆರೆಸಿದ್ದಾರೆ ಅಂತ ಅನುಮಾನ ಬಂದರೆ, ಐದಾರು ಮಿಲಿ ಹಾಲಿಗೆ ಅಷ್ಟೇ ನೀರು ಹಾಕಿ ಜೋರಾಗಿ ಅಲ್ಲಾಡಿಸಿ. ಒಳ್ಳೇ ಹಾಲಿನ ನೊರೆ ತೆಳ್ಳಗೆ ಇರುತ್ತದೆ, ಡಿಟರ್ಜೆಂಟ್ ಇದ್ದರೆ ದಪ್ಪ ನೊರೆ ನಿಲ್ಲುತ್ತದೆ. ಇದು ಅನುಮಾನಕ್ಕೆ ಮಾತ್ರ. ಯಾರ ಮೇಲಾದರೂ ಕ್ರಮ ತಗೊಳ್ಳೋಕೆ ಮುಂಚೆ ಲ್ಯಾಬಿಗೆ ಕಳಿಸಿ.

ಪ್ರಶ್ನೆ: ಮಳೆ ಬಂದಾಗ ನಮ್ಮೂರ ಕೆರೆ ಕೋಡಿಯಲ್ಲಿ ಮೊಳಕಾಲುದ್ದ ನೊರೆ. ನೀರಿನಲ್ಲಿ ಮೈಸೆಲ್ ಕಟ್ಟುವಷ್ಟು ಸೋಪು ಸೇರಿದೆಯಾ? — ರೈತ, ಮಾಲೂರು ತಾಲ್ಲೂಕು

ಉತ್ತರ: ಅಷ್ಟು ಸೇರಿರೋದಿಲ್ಲ. ನೊರೆಗೆ ಮೈಸೆಲ್ ಬೇಕಿಲ್ಲ. ನೊರೆ ನೀರಿನ ಮೇಲ್ಮೈ ವ್ಯವಹಾರ. ಒಂಟಿ ಅಣುಗಳು ಗಾಳಿಗುಳ್ಳೆಯ ಸುತ್ತ ಬಂದು ನಿಂತರೆ ಆಯಿತು. ಎಸ್‌ಡಿಎಸ್ ಮೈಸೆಲ್ ಕಟ್ಟಲು ಲೀಟರಿಗೆ 2300 ಮಿಲಿಗ್ರಾಂ ಬೇಕು. ಕೆರೆ ನೀರು ಕೆಲವೇ ಮಿಲಿಗ್ರಾಂ ಇದ್ದರೂ, ಕೋಡಿಯಲ್ಲಿ ಬಿದ್ದು ಗಾಳಿ ಬೆರೆತಾಗ ನೊರೆ ಏಳಿಸಬಲ್ಲದು. 2015ರಲ್ಲಿ ಬೆಳ್ಳಂದೂರು ಕೆರೆ ನೊರೆ ಬೆಂಗಳೂರಿನ ರಸ್ತೆಗೆ ಹಾರಿದ್ದು ಪೇಪರಿನಲ್ಲಿ ನೋಡಿರುತ್ತೀರಿ. ಕೊಳೆತ ಗಿಡಗಂಟಿ, ಪಾಚಿಯಿಂದಲೂ ಸ್ವಲ್ಪ ನೊರೆ ಬರುವುದುಂಟು, ಅದು ಬೇಗ ಒಡೆಯುತ್ತದೆ.

ಮೈಸೆಲ್ ಇಲ್ಲ ಅಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಅಂತ ಅಲ್ಲ. ಕುಡಿಯುವ ನೀರಿನಲ್ಲಿ ಇಂಥ ಡಿಟರ್ಜೆಂಟ್ ಲೀಟರಿಗೆ 0.2 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1 ಮಿಲಿಗ್ರಾಂವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಪರೀಕ್ಷೆಗೆ ಕೊಡುವಾಗ ಎಂಬಿಎಎಸ್ ನೋಡಿ ಅಂತ ಕೇಳಿ. ಮೆಥಿಲೀನ್ ಬ್ಲೂ ಹಾಕಿ ಕ್ಲೋರೋಫಾರಂ ಜೊತೆ ಅಲ್ಲಾಡಿಸುತ್ತಾರೆ, ಡಿಟರ್ಜೆಂಟ್ ಇದ್ದರೆ ತಳದ ಪದರ ನೀಲಿಯಾಗುತ್ತದೆ. ಸ್ಯಾಂಪಲನ್ನು ಸೋಪಿನಲ್ಲಿ ತೊಳೆದ ಬಾಟಲಿಯಲ್ಲಿ ಒಯ್ಯಬೇಡಿ.

ಪ್ರಶ್ನೆ: ಅಂಟುವಾಳಕಾಯಿಗೂ ಸಿಎಂಸಿ ಇದೆಯೇ? — ಗೃಹಿಣಿ, ಶಿಡ್ಲಘಟ್ಟ

ಉತ್ತರ: ಇದೆ ತಾಯಿ. ಅದರ ಸಪೋನಿನ್‌ಗಳೂ ಮೈಸೆಲ್ ಕಟ್ಟುತ್ತವೆ. ಆದರೆ ಕಾಯಿಯಲ್ಲಿ ಹಲವು ಬಗೆಯ ಸಪೋನಿನ್ ಬೆರೆತಿರುವುದರಿಂದ ಎಸ್‌ಡಿಎಸ್‌ನಷ್ಟು ಚೂಪಾದ ತಿರುವು ಸಿಗೋದಿಲ್ಲ, ಟಿಡಿಎಸ್ ಪೆನ್ನಿನ ಆಟವೂ ಇಲ್ಲಿ ನಡೆಯೋದಿಲ್ಲ. ರೇಷ್ಮೆ ಸೀರೆಗೆ ಧೈರ್ಯವಾಗಿ ಬಳಸಿ. ಬೀಜ ತೆಗೆದು ನೆನೆಹಾಕಿ, ಸೋಸಿದ ಮೇಲೆ ಅದ್ದಿ, ಇಲ್ಲವಾದರೆ ಸಿಪ್ಪೆಯ ಕಂದು ಕಲೆ ಜರಿ ಅಂಚಿಗೆ ಹಿಡಿಯುತ್ತದೆ.